ಬಾವಿಗೆ ಇಳಿಯುವ ಕದಿರಪ್ಪನಿಗೆ ಪೆನಾಂಗಿನ ಹಡಗು

"ಏನ್ಲಾ ಕದಿರಪ್ಪ, ಹಡಗಿನ ಚೀಟಿಗೆ ಇನ್ನೂ ಎಷ್ಟು ಹೆಣ ಕಮ್ಮಿ ಬಿದ್ದಿದೆಯೋ?"

ಬಾವಿಕಟ್ಟೆಯ ಸುತ್ತ ನೆರೆದ ಇಡೀ ಊರಿಗೆ ಕೇಳಿಸುವಂತೆ ಪಟೇಲ ಶ್ರೀನಿವಾಸಪ್ಪನವರು ಕೇಳುತ್ತಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಾಲ್ಕಾರು ಜನ ಕಿಸಕ್ಕನೆ ನಗುತ್ತಾರೆ. ಕದಿರಪ್ಪ ಸೊಂಟಕ್ಕೆ ಹಗ್ಗ ಬಿಗಿಯುತ್ತಾನೆ. ಕೆಳಗೆ ನೀರಿನಲ್ಲಿರುವುದು ಈ ಪಟೇಲರ ಎರಡನೆಯ ಸೊಸೆ. ಮೊದಲನೆಯವಳನ್ನೂ ಎರಡು ವರ್ಷದ ಹಿಂದೆ ಇದೇ ಬಾವಿಯಿಂದ ಎತ್ತಿದವನು ಅವನೇ. ನಗುವವರಿಗೆ ಅದು ಮರೆತಿದೆಯೇ? ಒಬ್ಬರಿಗೂ ಮರೆತಿಲ್ಲ.

ಪಕ್ಕದೂರು ಕ್ಯಾಲನೂರಿನ ಕದಿರಪ್ಪನ ಕಸುಬು ಬಾವಿಗೆ ಬಿದ್ದದ್ದನ್ನು ಎತ್ತಿಕೊಡುವುದು. ಬಿಂದಿಗೆಗೆ ಒಂದಾಣೆ, ಮನುಷ್ಯರಿಗೆ ಎರಡು ರೂಪಾಯಿ. ಹದಿನೆಂಟು ವರ್ಷದಲ್ಲಿ ನಲವತ್ತಮೂರು ಮಂದಿಯನ್ನು ಮೇಲೆ ತಂದಿದ್ದಾನೆ.

"ಒಳಗೆ ಕಣ್ಣು ಬಿಡಾಕಿಲ್ಲ ಸಾಮಿ, ಕಾಲಲ್ಲೇ ಹುಡುಕ್ತೀನಿ," ಎಂದು ಕೇಳಿದವರಿಗೆ ಹೇಳುತ್ತಾನೆ. "ಸಿಕ್ಕಿದ್ರೆ ಮೊದ್ಲು ಮನಸಲ್ಲೇ ಮಾತಾಡಿಸ್ಬೇಕು, 'ಬಾ ತಾಯಿ, ಮೇಲಕ್ಕೋಗಾನ' ಅಂತ. ಮಾತಾಡಿಸ್ದೆ ಮುಟ್ಟಿದ್ರೆ ಮೈಭಾರ ಬಿಡ್ತಾರೆ, ಮೇಲಕ್ಕೆ ಬರಾಕಿಲ್ಲ. ಕೈ ಮಾತ್ರ ಹಿಡಿಯಾಕಿಲ್ಲ."

ಯಾಕೆ ಎಂದು ಕೇಳಿದರೆ ಬೀಡಿ ಆರಿಸುತ್ತಾನೆ. "ಒಂದ್ಸಲ ಹಿಡಿದೆ. ಅವಳೂ ಹಿಡ್ಕೊಂಡ್ಳು."

ಸುತ್ತಲಿನ ಊರುಗಳ ಬಾವಿಗಳ ತಳವೆಲ್ಲ ಅವನಿಗೆ ಪಾಠವಾಗಿದೆ. ಅವನ ಹೆಂಡತಿ ಆವಲಮ್ಮ ಮಾತ್ರ ಒಂದು ಬಾವಿಗೂ ಹಗ್ಗ ಬಿಡುವಂತಿಲ್ಲ. ಹೆಣ ಮುಟ್ಟುವವನ ಹೆಂಡತಿ ಮುಟ್ಟಿದರೆ ನೀರು ಕೆಡುತ್ತದಂತೆ! ಹೆಣ ಬಿದ್ದ ಬಾವಿಗೆ ಎತ್ತಿನ ಕಪಿಲೆ ಹೂಡಿ, ನೀರು ಬರಿದು ಮಾಡಿ, ಎಂಟು ದಿನಕ್ಕೆ ಮತ್ತೆ ಕುಡಿಯುವ ಜನ ಇವರು. ೧೯೩೭ನೇ ಇಸವಿಯಲ್ಲೂ ಆಕೆ ಕೊಡ ಇಟ್ಟುಕೊಂಡು ದೂರ ಕೂರಬೇಕು, ಯಾರಾದರೂ ಮನಸ್ಸು ಮಾಡಿ ಹೊಯ್ಯುವವರೆಗೆ.

ಆವಲಮ್ಮನ ತಮ್ಮ ಕಡಲಾಚೆಯ ಪೆನಾಂಗಿನ ರಬ್ಬರ್ ತೋಟದಲ್ಲಿದ್ದಾನೆ. ಅಲ್ಲಿ ಕೂಲಿಗಳ ಮನೆಸಾಲಿನ ಮುಂದೆ ನಲ್ಲಿಯಿದೆ, ಯಾರು ಬೇಕಾದರೂ ತಿರುಗಿಸಬಹುದು ಎಂದು ಕಾಗದ ಬರೆಸಿದ್ದಾನೆ. ಆ ಕಾಗದ ಬಂದು ಐದು ವರ್ಷ. ಅಂದಿನಿಂದ ಸಿಕ್ಕಿದ ಒಂದೊಂದು ಕಾಸನ್ನೂ ಆವಲಮ್ಮ ಅರಿಶಿನದ ನೀರಿನಲ್ಲಿ ತೊಳೆದು ಮಡಕೆಯಲ್ಲಿಟ್ಟಿದ್ದಾಳೆ. ಇಬ್ಬರ ಪ್ರಯಾಣಕ್ಕೆ ನೂರಿಪ್ಪತ್ತು ರೂಪಾಯಿ ಬೇಕು. ನಿನ್ನೆಗೆ ನೂರಹದಿನೆಂಟು ಆಗಿತ್ತು.

"ಅಲ್ಲೇ ಇದ್ದುಬಿಡ್ತೀವಿ, ಬರಾಕಿಲ್ಲ. ಅವಳು ಯಾರನ್ನೂ ಕೇಳ್ದೆ ಒಂದು ಕೊಡ ನೀರು ಹಿಡೀಲಿ. ಸಾಕು ನಂಗೆ," ಎನ್ನುತ್ತಾನೆ ಕದಿರಪ್ಪ.

ಹೊತ್ತು ಮೂಡುವಾಗ ಬಾವಿಯೊಳಗಿಂದ ಹಗ್ಗ ಎರಡು ಸಲ ಅಲುಗುತ್ತದೆ. ಮೇಲಿದ್ದವರು ಎಳೆಯುತ್ತಾರೆ. ಹೆಣದ ಕಣ್ಣು ತೆರೆದೇ ಇದೆ. ಕದಿರಪ್ಪ ಮುಚ್ಚುತ್ತಾನೆ, ಅದು ಮತ್ತೆ ತೆರೆದುಕೊಳ್ಳುತ್ತದೆ. ಪಟೇಲರು ಎರಡು ರೂಪಾಯಿಯನ್ನು ಅವನ ಕೈಗೆ ಕೊಡದೆ ಚಪ್ಪಡಿಯ ಮೇಲೆ ಎಸೆದು ಹೋಗುತ್ತಾರೆ. ಅಲ್ಲಿಗೆ ಲೆಕ್ಕ ತುಂಬಿತು. ಭಾನುವಾರ ಮಾಲೂರಿನಿಂದ ಮದ್ರಾಸಿನ ರೈಲು, ಅಲ್ಲಿಂದ ಹಡಗು.

ಹೆಣದ ಹಿಂದೆ ಎಲ್ಲರೂ ಹೊರಟುಹೋದ ಮೇಲೆ ಕಟ್ಟೆಯ ಬಳಿ ಒಬ್ಬಳು ಉಳಿದಿದ್ದಾಳೆ. ಪಟೇಲರ ಮೂರನೆಯ ಸೊಸೆ ಮುನಿಯಲ್ಲಮ್ಮ, ಹದಿನಾರು ವರ್ಷದವಳು. ಅವಳು ಅತ್ತಿಲ್ಲ. ಬಗ್ಗಿ ನೀರನ್ನೇ ನೋಡುತ್ತಿದ್ದಾಳೆ.

"ಅಣ್ಣಾ," ಎನ್ನುತ್ತಾಳೆ. ಆ ಮನೆಯವರು ಅವನನ್ನು ಹಾಗೆ ಕರೆದದ್ದು ಇದೇ ಮೊದಲು. "ಭಾನುವಾರ ಹೋಗ್ತೀರಂತೆ, ನಿಜವಾ?"

"ಹೂಂ ಕಣವ್ವಾ."

"ಹಂಗಾದ್ರೆ ನನ್ನ ಯಾರು ಎತ್ತೋದು?"

ಕದಿರಪ್ಪ ಒದ್ದೆ ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಅವಳ ಮುಖ ನೋಡುವುದಿಲ್ಲ. ಕ್ಯಾಲನೂರಿನ ದಾರಿ ಹಿಡಿದು ನಡೆದುಬಿಡುತ್ತಾನೆ.