ಗೋಧಿ ಸೋಕದ ಕಜ್ಜಾಯ

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ದೀಪಾವಳಿ ಎಂದರೆ ಕಜ್ಜಾಯ. ಅಕ್ಕಿ, ಬೆಲ್ಲ, ಎಳ್ಳು, ಕರಿಯಲು ಎಣ್ಣೆ. ಮೊಮ್ಮಗಳಿಗೆ ಸೀಲಿಯಾಕ್ ಇದೆ, ಗೋಧಿ, ಮೈದಾ, ರವೆ ಚಿಟಿಕೆಯಷ್ಟೂ ಹೊಟ್ಟೆಗೆ ಹೋಗಕೂಡದು ಎಂದು ಡಾಕ್ಟರು ಹೇಳಿದಾಗ, ಥ್ಯಾಂಕ್ ಗಾಡ್, ಕಜ್ಜಾಯವಾದರೂ ಉಳಿಯಿತಲ್ಲ ಎಂದುಕೊಂಡಿದ್ದೆ.

ನನ್ನ ಸೊಸೆ ಅಷ್ಟು ಸುಲಭಕ್ಕೆ ನಂಬುವವಳಲ್ಲ. "ಮಿಲ್ಲಲ್ಲಿ ನಮ್ಮ ಅಕ್ಕಿಗಿಂತ ಮುಂಚೆ ಯಾರ್ದೋ ಗೋಧಿ ಬೀಸಿರ್ತಾರೆ ಅತ್ತೆ. ಅದರ ಹಿಟ್ಟು ಒಳಗೇ ಕೂತಿರುತ್ತೆ" ಎಂದಳು. ಅಕ್ಕಿ ನೆನೆಸಿ, ಬಟ್ಟೆಯ ಮೇಲೆ ನೆರಳಲ್ಲಿ ಆರಲು ಹರಡಿ, ತೇವವಿರುವಾಗಲೇ ಮನೆಯ ಮಿಕ್ಸಿಯಲ್ಲಿ ಪುಡಿ ಮಾಡಿದಳು. ಪೂರಿ ಕರಿದ ಎಣ್ಣೆ ಬೇಡ, ಹಳೆಯ ಜರಡಿ ಬೇಡ, ಬಾಣಲೆಯೂ ಹೊಸದೇ. ಹಿಂದಿನ ವರ್ಷ ಮಗು ತನ್ನದೊಂದು ಡಬ್ಬಿ ಹಿಡಿದು ಉಳಿದವರಿಂದ ದೂರ ಕೂತು ತಿಂದಿತ್ತು. ಈ ಸಲ ಎಲ್ಲ ಮಕ್ಕಳಿಗೂ ಒಂದೇ ಬಾಣಲೆ ಎಂದು ಸೊಸೆಯ ಹಟ.

ನಾನು ಓದಿದ ಕಾನ್ವೆಂಟಿನಲ್ಲಿ ಹೈಜೀನ್ ಎಂಬ ಪಾಠವಿತ್ತು. ಕೈ ಚಾಚಿ ಉಗುರು ತೋರಿಸಿದರೆ ಪಾಸು. ಸಿಸ್ಟರುಗಳು ಸ್ಪಂಜ್ ಕೇಕನ್ನೂ ಕಲಿಸಿದ್ದರು. ನನ್ನ ಸೊಸೆಯ ಅಡುಗೆಮನೆ ನೋಡಿದ್ದರೆ ಅವಳ ಹಣೆಗೇ ಒಂದು ಸ್ಟಾರ್ ಅಂಟಿಸುತ್ತಿದ್ದರೋ ಏನೋ. ಅವರಲ್ಲಿ ಈಗ ಯಾರಿದ್ದಾರೆ, ಯಾರಿಲ್ಲ, ನನಗೆ ಗೊತ್ತಿಲ್ಲ.

ಹಬ್ಬದ ದಿನ ಸಾಸಲಿನಿಂದ ನನ್ನ ಓರಗಿತ್ತಿ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದಳು. ಸೊಸೆ ಮೊದಲ ಕಜ್ಜಾಯ ತಟ್ಟಿ ಎಣ್ಣೆಗೆ ಬಿಟ್ಟಳು. ಅದು ಅರಳುವ ಬದಲು ಬಿಚ್ಚಿಕೊಂಡು ಮರಳಿನಂತೆ ತಳಕ್ಕೆ ಇಳಿಯಿತು. ಎರಡನೆಯದೂ ಅಷ್ಟೇ. ಪಾಕ ಎಳೆಯದಾಗಿ ಹಿಟ್ಟು ಸಡಿಲವಾಗಿತ್ತು.

"ಅದಕ್ಕ್ಯಾಕೆ ಮುಖ ಸಣ್ಣಗ್ ಮಾಡ್ಕೊಂಡಿದೀಯ? ಒಂದ್ ಹಿಡಿ ಗೋಧಿಹಿಟ್ಟು ಹಾಕಮ್ಮ, ಕಚ್ಕೊಂತದೆ. ನಮ್ಮತ್ತೆನೂ ಹಂಗೇ ಮಾಡ್ತಿದ್ದಿದ್ದು" ಎಂದು ಓರಗಿತ್ತಿ ಎದ್ದೇಬಿಟ್ಟಳು. ನಿಜ, ನಮ್ಮ ಕಡೆ ಕೆಟ್ಟ ಕಜ್ಜಾಯಕ್ಕೆಲ್ಲ ಅದೇ ಔಷಧಿ.

ಸೊಸೆ ಒಲೆ ಆರಿಸಿದಳು. "ಬೇಡ ಚಿಕ್ಕತ್ತೆ. ಹಾಕಿದ್ರೆ ಎಲ್ರೂ ತಿಂತಾರೆ, ಅವಳೊಬ್ಬಳನ್ನ ಬಿಟ್ಟು. ಇನ್ನೊಂದು ಪಾವು ಅಕ್ಕಿ ನೆನೆಹಾಕ್ತೀನಿ."

"ಅಯ್ಯೋ ನಮ್ಮವ್ವ! ಅಕ್ಕಿ ನೆಂದು, ಆರಿ, ಹಿಟ್ಟಾಗೋ ಹೊತ್ಗೆ ನಮ್ಮ ಹೈಕ್ಳಿಗೆ ಮೀಸೆ ಬಂದಿರ್ತದೆ!"

ಬಾಗಿಲಲ್ಲಿ ಮೊಮ್ಮಗಳು ನಿಂತಿದ್ದಳು. ಯಾವಾಗ ಬಂದಳೋ. "ಅಮ್ಮ, ಗೋಧಿ ಹಾಕ್ಬಿಡು. ನಾನು ಬಾಳೆಹಣ್ಣು ತಿಂತೀನಿ, ಪರ್ವಾಗಿಲ್ಲ."

ಎಂಟು ವರ್ಷದ ಮಗುವಿನ ಬಾಯಲ್ಲಿ ಆ ಪರವಾಗಿಲ್ಲ ಕೇಳಲು ನನ್ನಿಂದಾಗಲಿಲ್ಲ. ಓರಗಿತ್ತಿ ತಾನೇ ಹೋಗಿ ಅಕ್ಕಿ ತೊಳೆಯಲು ಕೂತಳು. ಸೊಸೆ ಮಾತ್ರ ಮಗಳತ್ತ ತಿರುಗಿ, "ನಿನ್ನ ಯಾರು ಕೇಳಿದ್ರು? ಹೋಗಿ ಪಟಾಕಿ ಎಣಿಸ್ಕೋ" ಎಂದು ಗದರಿದಳು. ಅಳು ನುಂಗಿಕೊಂಡು ಗದರುವುದೂ ಒಂದು ಟ್ಯಾಲೆಂಟೇ.

ಮಕ್ಕಳಿಗೆ ಅವಲಕ್ಕಿ ಕೊಟ್ಟು ಕೂರಿಸಿದೆವು. ಮಧ್ಯಾಹ್ನ ಇಳಿದ ಮೇಲೆ ಹೊಸ ಅಕ್ಕಿಹಿಟ್ಟನ್ನು ಆ ಸಡಿಲ ಹಿಟ್ಟಿಗೇ ಬೆರೆಸಿ, ಮತ್ತೆ ಒಂದನ್ನು ಎಣ್ಣೆಗೆ ಬಿಟ್ಟಾಯಿತು. ಮೂವರೂ ಬಾಣಲೆಯೊಳಗೇ ಇಣುಕಿದೆವು. ಒಡೆಯಲಿಲ್ಲ. ಕೆಂಪಗೆ ಮೇಲೆದ್ದು ಬಂತು. ಎರಡು ಸಟ್ಟುಗದ ನಡುವೆ ಒತ್ತಿ ಎಣ್ಣೆ ಬಸಿದು ಸೊಸೆ ತಟ್ಟೆಗೆ ಹಾಕುತ್ತಾ ಹೋದಳು. ಪರ್ಫೆಕ್ಟ್ ಎನ್ನಲಾರೆ; ಅಂಚು ಬಿರಿದಿತ್ತು, ಹಿಟ್ಟು ಹೆಚ್ಚಾಗಿ ಗಟ್ಟಿಯೂ ಆಗಿತ್ತು.

ಎಲ್ಲ ಮಕ್ಕಳೂ ಆ ಒಂದೇ ತಟ್ಟೆಗೆ ಮುಗಿಬಿದ್ದರು. ಓರಗಿತ್ತಿಯ ದೊಡ್ಡ ಮೊಮ್ಮಗ ಕಚ್ಚಿ, "ಏನ್ ಗಟ್ಟಿ ಐತೆ ಗುರು ಇದು, ಕಲ್ಲು!" ಎಂದ.

"ನಿಂಗೆ ಹಲ್ಲಿಲ್ವೇನೋ? ಬೇಡ ಅಂದ್ರೆ ಕೊಡಿಲ್ಲಿ" ಎಂದು ನಮ್ಮವಳು ಅವನ ಕೈಯಿಂದಲೇ ಅದನ್ನು ಕಿತ್ತುಕೊಂಡು, ಅವನು ಕಚ್ಚಿದ ಕಡೆಯಿಂದಲೇ ತಿಂದಳು. ಯಾರೂ ತಡೆಯಲಿಲ್ಲ.

ನನ್ನ ಹಲ್ಲಿಗೂ ಅದು ಗಟ್ಟಿಯೇ ಆಯಿತು. ಬಿಸಿ ಹಾಲಿನಲ್ಲಿ ನೆನೆಸಿಕೊಂಡು ಎರಡು ತಿಂದೆ.