ಮೇಲ್ಸೇತುವೆಯ ಕೆಳಗಿನ ಬೀದಿ

ಬೀದಿಗಳ ಜಾಲವನ್ನು ನಕ್ಷೆಯ ತಂತ್ರಾಂಶದಲ್ಲಿ ಹೆಣೆದು, ಯಾವ ಮನೆಯಿಂದ ತರಕಾರಿ ಅಂಗಡಿಗೆ ಎಷ್ಟು ನಿಮಿಷದ ನಡಿಗೆ ಎಂದು ಎಣಿಸುವ ವಿದ್ಯೆಯನ್ನು ಇಪ್ಪತ್ತೆರಡು ವರ್ಷ ನಮ್ಮ ಕಾಲೇಜಿನಲ್ಲಿ ಬೋಧಿಸಿ ಈಗ ನಿವೃತ್ತರಾಗುತ್ತಿರುವ ಭೂಗೋಳದ ಮೇಷ್ಟ್ರು, ಆ ಕ್ಷೇತ್ರದ ಆದ್ಯರಲ್ಲಿ ಒಬ್ಬರು. ತಾವು ನಡೆದು ನೋಡದ ಬೀದಿಯನ್ನು ನಕ್ಷೆಗೆ ಸೇರಿಸದ ಅವರ ವ್ರತದಿಂದಾಗಿ ವಿದ್ಯಾರ್ಥಿಗಳು ಅವರಿಗಿಟ್ಟ ಹೆಸರು ‘ಚಪ್ಪಲಿ ಮೇಷ್ಟ್ರು’.

ಹಳೆಯ ಕಾವ್ಯಗಳನ್ನು ಪಾಠ ಹೇಳುವ ನಾನು, ಐವತ್ತರ ವಯಸ್ಸಿನಲ್ಲಿ ಕುತೂಹಲದಿಂದ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತೆ. ಮೌಸ್ ಹಿಡಿಯಲು ತಡವರಿಸಿದಾಗ, ಹುಡುಗರು ನಗದಂತೆ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕಲಿಸಿದ ಮಹನೀಯರು ಅವರು.

ಹೊಸ ತರಕಾರಿ ಮಳಿಗೆಯನ್ನು ಎಲ್ಲಿ ತೆರೆಯಬೇಕೆಂದು ನಗರಸಭೆ ಮೇಷ್ಟ್ರನ್ನು ಕೇಳಿದಾಗ, ರೈಲುಹಳಿಯ ಆಚೆಯ ಬಡಾವಣೆಯನ್ನು ನಡೆದು ಗುರುತಿಸುವ ಹೊಣೆಯನ್ನು ಅವರು, ತಮ್ಮ ವ್ರತವನ್ನೂ ಸಡಿಲಿಸಿ, ನನ್ನನ್ನು ನಂಬಿ ಒಪ್ಪಿಸಿದರು. ನಾನು ನಡೆಯಲಿಲ್ಲ. ಬೆಳಗಿನ ಜಪದ ಹೊತ್ತೆಂದು ಭಗವಂತನನ್ನೇ ನೆಪ ಮಾಡಿಕೊಂಡು, ಕೊಠಡಿಯಲ್ಲಿ ಕುಳಿತು ಉಪಗ್ರಹಚಿತ್ರದ ಮೇಲೆ ಗೆರೆ ಎಳೆದೆ. ಮೇಲ್ಸೇತುವೆಯೂ ಅದರ ಕೆಳಗಿನ ಬೀದಿಯೂ ಚಿತ್ರದಲ್ಲಿ ಒಂದನ್ನೊಂದು ದಾಟುವೆಡೆ, ಎರಡೂ ಕೂಡುವ ವೃತ್ತವೆಂದು ಗುರುತಿಟ್ಟೆ. ಬೀದಿಯವರು ಅಲ್ಲಿಂದಲೇ ಸೇತುವೆಗೆ ತಿರುಗಿ ಹತ್ತು ನಿಮಿಷದಲ್ಲಿ ಮಾರುಕಟ್ಟೆ ಸೇರುತ್ತಾರೆಂದು ಕಂಪ್ಯೂಟರು ನಂಬಿತು. ಮಳಿಗೆ ಬೇರೆ ಬಡಾವಣೆಯ ಪಾಲಾಯಿತು.

ವರದಿ ಮಂಡಿಸಿದ ಸಭೆಯಲ್ಲಿ ಆ ಬೀದಿಯ ಅಜ್ಜಿಯೊಬ್ಬರು ಎದ್ದರು. “ಏನ್ ಸಾರ್, ನಾವೇನ್ ಕೋತಿಗಳಾ, ಇಪ್ಪತ್ತಡಿ ಮೇಲಕ್ಕೆ ನೆಗೆಯೋಕೆ? ಸುತ್ತಿ ಹೋದ್ರೆ ಮುಕ್ಕಾಲು ಗಂಟೆ. ಸೊಪ್ಪು ಮನೆ ಸೇರೋ ಹೊತ್ತಿಗೆ ನನ್ ಮುಖದ ಥರಾನೇ ಬಾಡಿರುತ್ತೆ!”

ಸಭೆ ನಕ್ಕಿತು. ನಾನು ವರದಿಯ ಪುಟ ತಿರುವುತ್ತ ಕುಳಿತೆ. ಮೇಷ್ಟ್ರು ಎದ್ದು ನಿಂತು, “ತಪ್ಪು ನಂದೇ ಅಜ್ಜಿ. ನಾಳೆ ನಿಮ್ ಜೊತೆ ನಡೀತೀನಿ, ದಾರಿ ತೋರ್ಸಿ” ಎಂದರು.

ನಕ್ಷೆ ತಿದ್ದಿ, ಆ ಬೀದಿಗೂ ಮಳಿಗೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆ ತಪ್ಪಿನ ದೆಸೆಯಿಂದ ಮೇಷ್ಟ್ರಿಗೆ ವಿಭಾಗದ ಮುಖ್ಯಸ್ಥರ ಸ್ಥಾನ ಕೈತಪ್ಪಿತ್ತು. ಅವರು ಒಮ್ಮೆಯೂ ಆಡಿ ತೋರಿಸಲಿಲ್ಲ. ತರಗತಿಯಲ್ಲಿ ಸತ್ಯದ ಮಹಿಮೆಯ ಪದ್ಯಗಳನ್ನು ಕಣ್ತುಂಬಿ ವಿವರಿಸುತ್ತಿದ್ದ ನಾನು, ಎದುರಿಗೆ ಅವರು ಕಂಡರೆ ಗ್ರಂಥಾಲಯದತ್ತ ತಿರುಗುತ್ತಿದ್ದೆ. ಒಂಬತ್ತು ವರ್ಷ ಹಾಗೆಯೇ ಕಳೆದೆ.

ಮೇಷ್ಟ್ರ ಅಭಿನಂದನ ಗ್ರಂಥಕ್ಕೆಂದು ಈ ಲೇಖನ ಕೇಳಲು ಬಂದ ಸಂಪಾದಕರ ಬಳಿ ಮೇಷ್ಟ್ರು ಹೇಳಿಕಳಿಸಿದ್ದರು: “ಆ ಹಳೇದನ್ನೆಲ್ಲ ಕೆದಕ್ಬೇಡಿ ಅನ್ನಿ ಅವ್ರಿಗೆ.” ಗುರುವಿನ ಈ ಒಂದು ಮಾತನ್ನು ಮೀರುತ್ತೇನೆ. ತಿದ್ದಿದ ಆ ವರದಿಯ ನಲವತ್ತೊಂದನೆಯ ಪುಟದಲ್ಲಿ ತಮ್ಮದೆಂದು ಅವರು ಸಹಿ ಹಾಕಿರುವ ತಪ್ಪು ನನ್ನದು. ಭಗವಂತನು ಅವರಿಗೆ ಪೂರ್ಣಾಯುಸ್ಸನ್ನೂ ದಣಿಯದ ಕಾಲುಗಳನ್ನೂ ಅನುಗ್ರಹಿಸಲಿ, ಇನ್ನೂ ಅನೇಕ ಬೀದಿಗಳು ಅವರ ನಕ್ಷೆಗೆ ಸೇರಲಿ. ಆ ವರದಿಯನ್ನು ಓದಿದವರೆಲ್ಲರೂ ಈ ಪುಟವನ್ನೂ ಓದಲಿ.