ಅಮ್ಮ ಬಂಜು

ತೊಂಬತ್ತರ ದಶಕದ ಕೊನೆಗೆ ನಾವು ಯಲ್ಲಾಪುರದಲ್ಲಿದ್ದೆವು. ಹತ್ತಿರ ಯಾರಾದರೂ ಸೀನಿದರೆ ಸಾಕು, ನಾನು ಮಗನನ್ನೆತ್ತಿಕೊಂಡು ಒಳಗೆ ಓಡುತ್ತಿದ್ದೆ. ಎರಡು ವರ್ಷದ ಕೂಸು. ವೈರಸ್ಸಿನ ಜೊತೆ ಹೊಡೆದಾಡುವ ಒಂದು ಬಗೆಯ ಬಿಳಿ ರಕ್ತಕಣ ಇವನಲ್ಲಿ ತೀರಾ ಕಡಿಮೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಬೇರೆ ಮಕ್ಕಳಿಗೆ ನಾಲ್ಕು ದಿನದ ಜ್ವರವಾಗಿ ಹೋಗುವ ಸೀತಾಳೆ ಸಿಡುಬು ಇವನ ಜೀವವನ್ನೇ ತೆಗೆಯಬಹುದು. ಮಗುವನ್ನು ಯಾರಿಗೂ ಮುಟ್ಟಗೊಡದ ಸೊಕ್ಕಿನ ಸೊಸೆ ಎಂಬ ಹೆಸರು ನನಗೆ ಬಂತು. ಬಂದರೆ ಬರಲಿ ಎಂದುಕೊಂಡೆ.

ಒಂದು ದಿನ ಕೋಲಸಿರ್ಸಿಯ ಅಕ್ಕನ ಮನೆಯಿಂದ ಫೋನು ಬಂತು. ಎತ್ತಿದವರು ನನ್ನ ಅತ್ತೆ. ಆ ಕಡೆಯಿಂದ ಅಕ್ಕನ ಮಗಳು "ಅಮ್ಮ ಬಂಜು" ಎಂದಳಂತೆ, ಅಷ್ಟರಲ್ಲಿ ಲೈನು ಕಡಿಯಿತು. ನಮ್ಮಲ್ಲಿ ಸಿಡುಬಿನ ಹೆಸರೆತ್ತುವುದಿಲ್ಲ. ದೇವಿ ಬಂದಳು ಎಂಬರ್ಥದಲ್ಲಿ ಹಾಗೆ ಹೇಳುತ್ತಾರೆ. ಆದರೆ ಅಕ್ಕನ ಮಕ್ಕಳು ಅಜ್ಜಿಯನ್ನು, ಅಂದರೆ ನನ್ನ ತಾಯಿಯನ್ನು, ಕರೆಯುತ್ತಿದ್ದದ್ದೂ ಅಮ್ಮ ಎಂದೇ. ಅತ್ತೆ ಹಾಗೇ ತಿಳಿದು, ನಿನ್ನ ತಾಯಿ ಬಂದಿದ್ದಾರಂತೆ, ಹೋಗಿ ನೋಡಿ ಬಾ ಎಂದಷ್ಟೇ ನನಗೆ ಹೇಳಿದರು. ತಾಯಿಯ ಮುಖ ಕಾಣದೆ ವರ್ಷವಾಗಿತ್ತು. ಮಗನೊಡನೆ ಬಸ್ಸು ಹತ್ತಿದೆ.

ಜಗುಲಿಯಲ್ಲಿ ಅಕ್ಕನ ಮಗ ಮಲಗಿದ್ದ. ಮೈತುಂಬ ಗುಳ್ಳೆ, ತಲೆದೆಸೆಗೆ ಬೇವಿನ ಸೊಪ್ಪು. ತಮ್ಮನನ್ನು ಕಂಡ ಖುಷಿಗೆ ಎದ್ದು ಬಂದು ಅವನ ಕೆನ್ನೆ ಹಿಂಡಿದ. ತಾಯಿ ಅಲ್ಲಿರಲೇ ಇಲ್ಲ, ಬಂದವಳು ದೇವಿ. ಮಗನನ್ನು ಕಸಿದುಕೊಂಡು ತಿರುಗಿದರೆ ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಹಿಂಗೆ ಬಂದು ಹಂಗೆ ಹೋಪಲಾಗ ತಂಗಿ. ನೀರು ಹಾಕ ತನಕ ಇಲ್ಲೇ ಉಳಕ." ಗುಳ್ಳೆ ಒಣಗಿ, ಹುಡುಗನಿಗೆ ತಲೆಗೆ ನೀರೆರೆದು ದೇವಿಯನ್ನು ಕಳಿಸುವವರೆಗೆ ಆ ಮನೆ ಬಿಡಬಾರದೆಂದು ಅವಳ ನಂಬಿಕೆ.

"ಅಮ್ಮಂಗೆ ಸಿಟ್ಟು ಬಂದ್ರೆ ಬರ್ಲಿ. ಆನು ಹೋಗ್ತೆ" ಎಂದೆ. ಅಕ್ಕ ಅಳತೊಡಗಿದಳು. ನನಗೆ ಅಳುವುದಕ್ಕೂ ಪುರಸೊತ್ತಿರಲಿಲ್ಲ.

ಸಿಕ್ಕ ಬಸ್ಸು ಹಿಡಿದು ಹುಬ್ಬಳ್ಳಿ ಮುಟ್ಟಿದೆ. ಡಾಕ್ಟರು ಅಂದೇ ಒಂದು ಇಂಜೆಕ್ಷನ್ ಕೊಟ್ಟು, ಮೂರು ವಾರ ಕಾಯಬೇಕು ಎಂದರು. ಸೊಳ್ಳೆ ಕಚ್ಚಿದ ಗುರುತನ್ನೂ ಲೈಟಿನ ಕೆಳಗೆ ಹಿಡಿದು ನೋಡಿದೆ. ಊಟಕ್ಕೆ ಕೂತವಳು ಎದ್ದು ಹೋಗಿ ಅವನ ಅಂಗಿ ಎತ್ತುತ್ತಿದ್ದೆ. ಏನೂ ಏಳಲಿಲ್ಲ. "ಇದೊಂದು ದಾಟಿತು" ಎಂದು ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. 'ಇದೊಂದು' ಎಂಬುದಷ್ಟೇ ಕಿವಿಯಲ್ಲಿ ಉಳಿಯಿತು.

ಮುಂದಿನ ಮಳೆಗಾಲದಲ್ಲಿ ಅವನಿಗೆ ನೆಗಡಿಯಾಯಿತು, ಬರೀ ನೆಗಡಿ. ಅದು ಎದೆಗಿಳಿಯಿತು. ಅವನು ನಮಗೆ ಉಳಿಯಲಿಲ್ಲ. ಆ ವರ್ಷವೆಲ್ಲ ನಾವು ಯಾರ ಮನೆಗೂ ಹೋಗಿರಲಿಲ್ಲ.